ಯುದ್ಧದಿಂದ ಮನೆ ಬಿಟ್ಟವರಿಗೆ ನಮ್ಮ ಅಕ್ಕಿ ಹೋಗಬೇಕೆ, ದುಡ್ಡು ಹೋಗಬೇಕೆ?

ಎಲ್ಲೋ ಗುಂಡಿನ ಸದ್ದಿಗೆ ಜನ ಊರು ಬಿಟ್ಟರು ಎಂಬ ಸುದ್ದಿ ಬಂದಾಗ ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಮೊದಲು ಬರುವ ಮಾತು ಅಕ್ಕಿಯದು. ಬಳ್ಳಾರಿಯಲ್ಲಿ ಬಟ್ಟೆಯ ಮಾತು ಬರುತ್ತದೆ. ಹೀಗೆ ಸಾಮಾನು ಕಳಿಸುವುದು ಸರಿಯೇ?

ಪರ: ಅಕ್ಕಿಯೇ ಹೋಗಲಿ, ಲೆಕ್ಕ ಹಾಕಿ ಹೋಗಲಿ

ದುಡ್ಡು ಅನ್ನವಾಗಬೇಕಾದರೆ ಮಾಲು ಇರುವ ಅಂಗಡಿ ಬೇಕು, ಆ ಅಂಗಡಿಗೆ ಲಾರಿ ಬರುವ ರಸ್ತೆ ಬೇಕು, ದುಡ್ಡು ಕೈಗೆ ಸಿಗುವ ದಾರಿ ಬೇಕು. ಸಂಘರ್ಷ ಮೊದಲು ಮುರಿಯುವುದು ಇವನ್ನೇ. ಮಣಿಪುರದಲ್ಲಿ 2023ರ ಮೇ 3ರಂದು ಹಿಂಸೆ ಶುರುವಾದ ಮೇಲೆ ಸುಮಾರು 60,000 ಜನ ಮನೆ ತೊರೆದರು. ದಿಮಾಪುರದಿಂದ ಇಂಫಾಲಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 2ರಲ್ಲಿ ಮತ್ತೆ ಮತ್ತೆ ತಡೆ ಬಿತ್ತು, ಮೊಬೈಲ್ ಇಂಟರ್ನೆಟ್ ತಿಂಗಳುಗಟ್ಟಲೆ ಬಂದ್ ಆಯಿತು. ಫೋನಿಗೆ ಹಾಕಿದ ದುಡ್ಡು ಫೋನಿನಲ್ಲೇ ಉಳಿಯುವ ಕಾಲ ಅದು. ಗಾಜಾದಲ್ಲಿ 2025ರಲ್ಲಿ ಖಾತೆಯ ಹಣವನ್ನು ನೋಟು ಮಾಡಿಕೊಡಲು ದಲ್ಲಾಳಿಗಳು ಶೇ 30ಕ್ಕೂ ಹೆಚ್ಚು ಮುರಿದುಕೊಂಡರು. ಉಳಿದ ನೋಟು ಹಿಡಿದು ಹೋದರೆ ಅಂಗಡಿಯಲ್ಲಿ ಹಿಟ್ಟೇ ಇರುತ್ತಿರಲಿಲ್ಲ. ಹೊರಗಿನಿಂದ ಆಹಾರ ಒಳಗೆ ಹೋಗದೆ ಅಲ್ಲಿ ಯಾವ ಹಣವೂ ಹೊಟ್ಟೆ ತುಂಬಿಸುವಂತಿರಲಿಲ್ಲ.

ಹಾಗೆಂದು ಲಾರಿಗೆ ಬ್ಯಾನರ್ ಕಟ್ಟಿ ಸಿಕ್ಕಿದ್ದನ್ನೆಲ್ಲ ತುಂಬಿಸಿದರೆ ಆಗದು. ಶಿಬಿರದ ಊಟಕ್ಕೆ ತಲೆಗೆ ದಿನಕ್ಕೆ 2,100 ಕಿಲೋಕ್ಯಾಲೊರಿ ಎಂಬುದು ಜಗತ್ತಿನ ನೆರವು ಸಂಸ್ಥೆಗಳ ಲೆಕ್ಕ. 400 ಗ್ರಾಂ ಅಕ್ಕಿಯಿಂದ ಸಿಗುವುದು ಸುಮಾರು 1,400 ಮಾತ್ರ. ಉಳಿದ 700ನ್ನು ಬೇಳೆ, ಎಣ್ಣೆ, ಸಕ್ಕರೆ, ಪುಷ್ಟಿಹಿಟ್ಟು ತುಂಬಬೇಕು. ಬೇಳೆ 60 ಗ್ರಾಂ, ಎಣ್ಣೆ 25ರಿಂದ 30 ಗ್ರಾಂ, ಅಯೋಡಿನ್ ಉಪ್ಪು 5 ಗ್ರಾಂ, ಇಷ್ಟು ಅಕ್ಕಿಯ ಜೊತೆಯಲ್ಲೇ ಹೋಗದಿದ್ದರೆ ಹೊಟ್ಟೆ ತುಂಬಿಯೂ ಮಕ್ಕಳು ಸೊರಗುತ್ತಾರೆ. ಅಕ್ಕಿ ತಲೆಗೆ ತಿಂಗಳಿಗೆ 12 ಕೆ.ಜಿ., ಐವರ ಮನೆಗೆ 60 ಕೆ.ಜಿ. ಬೇಕು. ಅಂದರೆ 20 ಟನ್ ಹೊರುವ ಒಂದು ಲಾರಿ ಸುಮಾರು 330 ಕುಟುಂಬಗಳ ಒಂದು ತಿಂಗಳ ಅನ್ನ. ದಾನಿಗಳ ಮುಂದೆ ಈ ಲೆಕ್ಕ ಇಟ್ಟು ಕೇಳಬೇಕು.

ಮಿಲ್ಲಿನಲ್ಲಿ ಮೊದಲು ನೋಡಬೇಕಾದ್ದು ತೇವಾಂಶ. ಅದು ಶೇ 14 ದಾಟಬಾರದು, ಮಳೆ ಸೀಮೆಗೆ ಹೋಗುವ ಅಕ್ಕಿಗೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಕೊಯ್ಲಿನ ಅವಸರದಲ್ಲಿ ಸರಿಯಾಗಿ ಒಣಗದ ಭತ್ತವನ್ನು ಅಕ್ಕಿ ಮಾಡಿಸಿ ಕಳಿಸಿದರೆ ವಾರದೊಳಗೆ ಚೀಲ ಮುಗ್ಗುತ್ತದೆ, ಹುಳ ಬೀಳುತ್ತದೆ. ಪೋಷಕಾಂಶ ಸೇರಿಸಿದ ಸಾರವರ್ಧಿತ ಅಕ್ಕಿಕಾಳನ್ನು 100 ಕೆ.ಜಿ.ಗೆ 1 ಕೆ.ಜಿ.ಯಂತೆ ಇಲ್ಲೇ ಬೆರೆಸಬಹುದು. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಅದರಲ್ಲಿವೆ, ತರಕಾರಿ ಕಾಣದ ಶಿಬಿರದ ಗರ್ಭಿಣಿಗೆ ಅದು ದೊಡ್ಡ ಆಸರೆ. ಹುಳಕ್ಕೆ ಹೊಗೆ ಹಾಕುವ ಕೆಲಸ ಪರವಾನಗಿ ಇದ್ದವರಿಂದ ಗೋದಾಮಿನಲ್ಲೇ ಮುಗಿಯಬೇಕು, ಗಾಳಿಯಾಡಿದ ಮೇಲೆಯೇ ಲೋಡ್ ಆಗಬೇಕು. ವಿಷದ ಹೊಗೆ ಬಿಡುವ ಆ ಗುಳಿಗೆ ಇಟ್ಟು ಲಾರಿ ಹೊರಡಿಸಿದರೆ ಚಾಲಕ, ಕ್ಲೀನರ್ ಇಬ್ಬರ ಜೀವಕ್ಕೂ ಅಪಾಯ.

ಚೀಲ 25 ಕೆ.ಜಿ.ಯದಿರಲಿ. ನಮ್ಮ ಹಮಾಲರು 75 ಕೆ.ಜಿ. ಚೀಲ ಹೊರುತ್ತಾರೆ, ಶಿಬಿರದಲ್ಲಿ ಹೊರುವವಳು ಕಂಕುಳಲ್ಲಿ ಮಗು ಇರುವ ತಾಯಿ. ಐವರ ಮನೆಗೆ ಅಂಥ ಒಂದು ಚೀಲ ಹನ್ನೆರಡು ದಿನಕ್ಕೆ ಬರುತ್ತದೆ, ಅಲ್ಲಿ ಬಿಚ್ಚಿ ಅಳೆಯುವ ಗಲಾಟೆ ಕಡಿಮೆ. ದಾರಿಯಲ್ಲಿ ಹರಿದ ಚೀಲಗಳ ಅಕ್ಕಿ ತುಂಬಲು ನೂರಕ್ಕೆ ಎರಡರಂತೆ ಖಾಲಿ ಚೀಲ ಜೊತೆಗೆ ಕಳಿಸಬೇಕು. ಚೀಲದ ಮೇಲೆ ತೂಕ, ಮಿಲ್ ಮಾಡಿದ ತಿಂಗಳು, ಲಾಟ್ ಸಂಖ್ಯೆ ಸಾಕು. ಯಾರ ಫೋಟೊವೂ ಬೇಡ: ಎರಡು ಗುಂಪು ಬಡಿದಾಡುವ ಕಡೆ ಆ ಚಿತ್ರ ಯಾವ ಪಕ್ಷದ್ದೆಂದು ಓದಿಕೊಂಡು ಲಾರಿ ತಡೆಯುವವರಿರುತ್ತಾರೆ.

ಗಡಿ ದಾಟಿಸುವುದಾದರೆ ತಾಳ್ಮೆ ಬೇಕು. ಭಾರತ 2021ರ ಅಕ್ಟೋಬರ್‌ನಲ್ಲಿ ಅಫ್ಗಾನಿಸ್ತಾನಕ್ಕೆ ಕೊಡಮಾಡಿದ 50,000 ಟನ್ ಗೋಧಿಯ ಮೊದಲ ಕಂತು ಪಾಕಿಸ್ತಾನದ ಮೂಲಕ ಹೊರಟದ್ದು 2022ರ ಫೆಬ್ರುವರಿಯಲ್ಲಿ. ಆದರೂ ಹೋಯಿತು, ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಕೈ ಸೇರಿತು. ತುಂಗಭದ್ರೆಯ ಎಡದಂಡೆಯಲ್ಲಿ ಭತ್ತ ಬೆಳೆಯುವವರು ಕೊಡಬಲ್ಲ ಗಟ್ಟಿ ವಸ್ತು ಅಕ್ಕಿ, ಕೊಡುವ ಮನಸ್ಸೂ ಇದೆ. ದುಡ್ಡು ಕೇಳಿದರೆ ನೂರು ರೂಪಾಯಿ ಕೊಡುವ ರೈತ ಅಕ್ಕಿ ಕೇಳಿದರೆ ಚೀಲ ಕೊಡುತ್ತಾನೆ. ಆ ಚೀಲವನ್ನು ಬೇಡ ಎನ್ನುವ ಹಕ್ಕು ನಮಗಿಲ್ಲ.

ವಿರೋಧ: ಚೀಲ ಇಲ್ಲೇ ಮಾರಿ, ದುಡ್ಡು ಕಳಿಸಿ

ರೈತ ಚೀಲ ಕೊಡಲಿ, ಸಂತೋಷ. ಅದನ್ನು ಗಂಗಾವತಿಯಲ್ಲೇ ಮಾರಿ ಹಣ ಕಳಿಸಬಹುದಲ್ಲ? ಇಲ್ಲಿಂದ ಇಂಫಾಲ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಲಾರಿ ಬಾಡಿಗೆ, ಹಮಾಲಿ, ತಾಡಪತ್ರಿ, ದಾರಿಯ ಸೋರಿಕೆ ಎಲ್ಲ ಕೂಡಿ ಅಕ್ಕಿಯ ಬೆಲೆಯ ಮೇಲೆ ಏರುತ್ತದೆ. ಈಶಾನ್ಯದಲ್ಲೂ ಭಾರತೀಯ ಆಹಾರ ನಿಗಮದ ಗೋದಾಮುಗಳಿವೆ, ಅಲ್ಲೂ ಭತ್ತ ಬೆಳೆಯುವ ರೈತರಿದ್ದಾರೆ. ನಾವು ಪುಕ್ಕಟೆ ಸುರಿದ ಅಕ್ಕಿ ಶಿಬಿರದ ಪಕ್ಕದ ರೈತನ ದರ ಬೀಳಿಸುತ್ತದೆ. ನಮ್ಮ ಸೋನಾ ಮಸೂರಿ ಉದುರುದುರಾಗಿ ಬೇಯುತ್ತದೆ. ಅಂಟಾದ ಅನ್ನ ಉಂಡು ಬೆಳೆದ ಮಣಿಪುರದ ಮನೆಗಳಿಗೆ ಅದು ರುಚಿಸದು. ಜೋಳದ ರೊಟ್ಟಿ ಬಿಟ್ಟು ತಿಂಗಳಿಡೀ ಬ್ರೆಡ್ ತಿನ್ನಿ ಎಂದರೆ ಮಾನ್ವಿಯ ಮನೆ ಒಪ್ಪೀತೆ?

ಬೇಳೆಯದು ಇನ್ನೊಂದು ಕಷ್ಟ. ನಮ್ಮ ಎರೆಹೊಲದ ತೊಗರಿ ಕುಕ್ಕರ್ ಇಲ್ಲದೆ ಬೇಗ ಬೇಯುವುದಿಲ್ಲ. ಶಿಬಿರದಲ್ಲಿ ಹೆಚ್ಚು ಬೆಂಕಿ ಎಂದರೆ ಹೆಚ್ಚು ಸೌದೆ. ಸೌದೆಗೆಂದು ಶಿಬಿರದಾಚೆ ಹೋದ ಹೆಣ್ಣುಮಕ್ಕಳ ಮೇಲೆ ಸುಡಾನಿನ ದಾರ್‌ಫುರ್‌ನಲ್ಲಿ ಅತ್ಯಾಚಾರಗಳಾದವು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿರುವ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಜನರ ಶಿಬಿರಗಳಲ್ಲಿ 2018ರಿಂದ ಅಡುಗೆ ಅನಿಲ ಕೊಡಲು ಶುರುಮಾಡಿದ್ದಕ್ಕೆ ಇದೂ ಒಂದು ಕಾರಣ, ಸುತ್ತಲಿನ ಕಾಡು ಬೋಳಾದದ್ದು ಇನ್ನೊಂದು. ಬೇಗ ಬೇಯುವ ಮಸೂರ ಬೇಳೆಯೋ ಒಂದು ಸಿಲಿಂಡರೋ ಬೇಕಾದವಳಿಗೆ ತೊಗರಿ ಕೊಟ್ಟರೆ ಏನು ಮಾಡಿಯಾಳು?

ಬಟ್ಟೆಯ ಮಾತು ಬಿಟ್ಟೇಬಿಡೋಣ. 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಯ ರಸ್ತೆ ಬದಿಯಲ್ಲಿ ಹಳೆ ಬಟ್ಟೆಯ ರಾಶಿಗಳು ಬಿದ್ದಿದ್ದವು. ಶಿಬಿರದಲ್ಲಿ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಸೇರಿ ತಲೆಗೆ ದಿನಕ್ಕೆ 15 ಲೀಟರ್ ನೀರು ಸಿಕ್ಕರೆ ಅದೇ ಒಳ್ಳೆಯ ಶಿಬಿರ. ಬಳ್ಳಾರಿಯ ಜೀನ್ಸ್ ಎಷ್ಟೇ ಚೆನ್ನಾಗಿರಲಿ, ಆ ನೀರಿನಲ್ಲಿ ಅದನ್ನು ಒಗೆಯಲಾಗದು, ಒಗೆದರೂ ಮಳೆಗಾಲದಲ್ಲಿ ಒಣಗದು. ಹಾಲಿನ ಪುಡಿಯ ಡಬ್ಬಿಗಳಂತೂ ಖಂಡಿತ ಬೇಡ. ಕೊಳಕು ನೀರಿನಲ್ಲಿ ಕಲಸಿದ ಆ ಹಾಲು ಕೂಸಿಗೆ ಭೇದಿ ತರುತ್ತದೆ, ತಾಯಿಯ ಎದೆಹಾಲನ್ನೂ ಬತ್ತಿಸುತ್ತದೆ.

ದುಡ್ಡು ಕೊಟ್ಟರೆ ಜನ ಹಾಳುಮಾಡುತ್ತಾರೆ ಎಂಬ ಅನುಮಾನ ಹಳೆಯದು. ನಮ್ಮ ರಾಜ್ಯದಲ್ಲೇ 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಬದಲಿಗೆ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಅದರಿಂದ ಮನೆಗಳೇನೂ ಹಾಳಾಗಲಿಲ್ಲ, ಎಣ್ಣೆ, ತರಕಾರಿ, ಔಷಧಿ ಬಂದವು. ತಮಿಳುನಾಡು ಶ್ರೀಲಂಕಾ ತಮಿಳರ ಶಿಬಿರಗಳಲ್ಲಿ ಅಕ್ಕಿಯ ಜೊತೆ ಪ್ರತಿ ತಿಂಗಳೂ ನಗದು ಕೊಡುತ್ತಲೇ ಬಂದಿದೆ. ಬರೀ ಅಕ್ಕಿ ಕೊಟ್ಟ ಕಡೆ ಏನಾಗುತ್ತದೆ ಎಂದು ಪಡಿತರದ ಅಕ್ಕಿ ದಲ್ಲಾಳಿಗೆ ಹೋಗುವುದನ್ನು ಕಂಡ ನಮಗೆ ಗೊತ್ತಿಲ್ಲವೆ? ನಿರಾಶ್ರಿತರೂ ಹಾಗೆಯೇ ಅರ್ಧ ಬೆಲೆಗೆ ಮಾರಿ ಮೀನು, ಸಾಬೂನು ಕೊಳ್ಳುತ್ತಾರೆ. ನಾವು ಪೂರ್ತಿ ಬೆಲೆ ಕೊಟ್ಟು, ಬಾಡಿಗೆಯನ್ನೂ ಕೊಟ್ಟದ್ದರಲ್ಲಿ ಅರ್ಧ ದಲ್ಲಾಳಿಯ ಪಾಲು.

ನಗದಿಗೂ ಕ್ರಮವಿದೆ. ಮೊದಲು ಶಿಬಿರದ ಹತ್ತಿರದ ಸಂತೆಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ಸಾಬೂನು, ಸೌದೆಯ ದರ ಮತ್ತು ಎಷ್ಟು ವಾರದ ದಾಸ್ತಾನಿದೆ ಎಂದು ನೋಡಬೇಕು. ಒಬ್ಬನೇ ವ್ಯಾಪಾರಿ ಇದ್ದರೆ ದರ ಅವನ ಕೈಯಲ್ಲಿರುತ್ತದೆ, ಆಗ ದರ ಗೊತ್ತುಮಾಡಿದ ಚೀಟಿ ಕೊಡುವುದು ಲೇಸು. ಓಡಿಬಂದವರ ಬಳಿ ಆಧಾರ್, ಸಿಮ್ ಇರುವುದಿಲ್ಲ ಎಂಬುದು ನಿಜವಾದ ತೊಡಕು. ಅದಕ್ಕೇ ಜೋರ್ಡಾನಿನ ಶಿಬಿರಗಳಲ್ಲಿ 2016ರಿಂದ ಕಣ್ಣಿನ ಪಾಪೆ ತೋರಿಸಿ ದಿನಸಿ ಕೊಳ್ಳುವ ಏರ್ಪಾಡು ಬಂತು. ಅಷ್ಟು ಯಂತ್ರವಿಲ್ಲದ ಕಡೆ ಹೆಸರು ಬರೆದ ಕಾರ್ಡೂ ನಡೆಯುತ್ತದೆ, ಆದರೆ ಅದು ಮನೆಯ ಹೆಂಗಸಿನ ಹೆಸರಿಗಿರಲಿ. ಎರಡು ವಾರಕ್ಕೊಮ್ಮೆ ದರ ನೋಡಿ ಮೊತ್ತ ಏರಿಸದಿದ್ದರೆ ನಗದು ಕರಗುತ್ತದೆ. ಕಾಕ್ಸ್ ಬಜಾರ್‌ನಲ್ಲಿ 2023ರಲ್ಲಿ ದಾನಿಗಳ ಹಣ ಬತ್ತಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದದ್ದು 10ಕ್ಕೆ, ಆಮೇಲೆ 8ಕ್ಕೆ ಇಳಿಯಿತು. ಅಲ್ಲಿ ಆಗ ಬೇಕಾಗಿದ್ದುದು ಆ ನಾಲ್ಕು ಡಾಲರ್.

ಮುತ್ತಿಗೆ ಬಿದ್ದ ಊರಿಗೆ, ಅಂಗಡಿ ಸುಟ್ಟ ಮೊದಲ ವಾರಗಳಿಗೆ ಧಾನ್ಯವೇ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮನೆ ಬಿಟ್ಟವರು ಶಿಬಿರದಲ್ಲಿ ಕಳೆಯುವುದು ವಾರಗಳನ್ನಲ್ಲ, ವರ್ಷಗಳನ್ನು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ನಿಂತದ್ದು ಜಮೀನು ಸಿಕ್ಕಿತು, ದುಡಿಮೆ ಸಿಕ್ಕಿತು ಎಂಬುದಕ್ಕೆ. ಪೌರತ್ವದ ಕಾಗದ ಸಿಗದವರು ದಶಕಗಳ ಕಾಲ ಒದ್ದಾಡಿದರು. ಲಾರಿಗೆ ಚಂದಾ ಎತ್ತುವವರು ಆ ಮೊತ್ತದಲ್ಲಿ ಒಂದು ಪಾಲನ್ನು ಶಿಬಿರದ ಜನರ ಗುರುತಿನ ಕಾಗದ ಮಾಡಿಸುವ ವಕೀಲರಿಗೆ, ಇನ್ನೊಂದನ್ನು ಅಲ್ಲಿನ ಹೊಲಿಗೆ ಯಂತ್ರಗಳಿಗೆ ತೆಗೆದಿಡಲಿ. ಬಳ್ಳಾರಿಯವರಿಗೆ ಹೊಲಿಗೆ ಕಲಿಸಲು ಬರುತ್ತದೆ, ಜೀನ್ಸ್‌ಗಿಂತ ಅದು ಹೆಚ್ಚು ಉಪಕಾರಿ.