ಮಿಥ್ಯಾದಿಂದ ಮಿಥ್: ಹತ್ತು ಜನರಿಗೆ ಕಳಿಸಿ

ಬೆಳಗ್ಗೆ ಗುಲಾಬಿ ಹೂವಿನ ಬೆನ್ನಿಗೇ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಇದಕ್ಕೆ ಸಾವಿಲ್ಲ. ‘ಇಂಗ್ಲಿಷಿನ ಮಿಥ್ ಹುಟ್ಟಿದ್ದೇ ನಮ್ಮ ಮಿಥ್ಯಾದಿಂದ. ಮಿಥ್ಯಾ ಎಂದರೆ ಸುಳ್ಳು. ನಮ್ಮ ಪುರಾಣಗಳನ್ನು ಮಿಥ್ ಎಂದು ಕರೆದು ಬ್ರಿಟಿಷರು ಅವಮಾನಿಸಿದರು. ಹತ್ತು ಜನರಿಗೆ ಕಳಿಸಿ.’ ಪದ ಕೊಟ್ಟವರು ನಾವೇ ಅನ್ನುವ ಹೆಮ್ಮೆ, ಅದೇ ಪದದಿಂದ ಬೈಸಿಕೊಂಡೆವು ಅನ್ನುವ ಅಳು, ಎರಡೂ ನಾಲ್ಕು ಸಾಲಿನೊಳಗೆ. ಮಿತವ್ಯಯ ಅಂದರೆ ಇದು.

ಇಂಥ ವ್ಯುತ್ಪತ್ತಿ ಮಾಡುವುದು ಉಪ್ಪಿಟ್ಟಿಗಿಂತ ಸಲೀಸು. ಒಂದು ಇಂಗ್ಲಿಷ್ ಪದ, ಕಿವಿಗೆ ಅದರ ಹಾಗೇ ಬೀಳುವ ಒಂದು ಸಂಸ್ಕೃತ ಪದ, ಮೇಲೊಂದು ಚಿಟಿಕೆ ಸಿಟ್ಟು. ನಿಘಂಟು ಮಾತ್ರ ತೆರೆಯಬಾರದು, ಗಂಟು ಕಟ್ಟಿಬಿಡುತ್ತದೆ. ತೆರೆದರೆ ಸಿಗುವುದು ಗ್ರೀಕಿನ ‘ಮೂಥೊಸ್’. ಪ್ರಾಚೀನ ಗ್ರೀಕ್ ಕವಿ ಹೋಮರನಲ್ಲಿ ಅದಕ್ಕೆ ಮಾತು, ಭಾಷಣ ಎಂದಷ್ಟೇ ಅರ್ಥ. ಕಟ್ಟುಕತೆಯ ವಾಸನೆ ಹತ್ತಿದ್ದು ಆಮೇಲೆ. ಇಂಗ್ಲಿಷಿನಲ್ಲಿ ಮಿಥ್ ಬಳಕೆಗೆ ಬಂದದ್ದಂತೂ 1830ರ ಆಸುಪಾಸಿನಲ್ಲಿ.

ನೆಂಟಸ್ತನ ಕೂಡಿಸಲು ಧ್ವನಿಯೂ ಒಪ್ಪಬೇಕಲ್ಲ? ಗ್ರೀಕಿನ ಥಕಾರಕ್ಕೆ ಸಂಸ್ಕೃತದಲ್ಲಿ ಜೊತೆಯಾಗುವುದು ಧಕಾರ: ನಮ್ಮ ಮಧು ಅವರಲ್ಲಿ ಮೆಥು, ಕುಡಿಯುವ ದ್ರಾಕ್ಷಾರಸ. ಸಂಸ್ಕೃತದ ಥಕಾರಕ್ಕೆ ಅವರಲ್ಲಿ ಸಾಮಾನ್ಯವಾಗಿ ಬರುವುದು ತಕಾರ: ಅಗಲ ಎನ್ನುವ ಅರ್ಥದ ನಮ್ಮ ಪೃಥುವಿಗೆ ಅವರ ಪ್ಲತುಸ್. ಮೂಥೊಸ್–ಮಿಥ್ಯಾ ಜೋಡಿಯಲ್ಲಿ ವ್ಯಂಜನ ಕೂಡುವುದಿಲ್ಲ, ಅವರದು ಊಕಾರ, ನಮ್ಮದು ಇಕಾರ, ಸ್ವರವೂ ಕೂಡುವುದಿಲ್ಲ. ಮಕಾರ ಒಂದನ್ನೇ ನೋಡಿ ಮದುವೆ ನಿಶ್ಚಯಿಸಿದ ಹಾಗಾಯಿತು. ಮಿಥ್ಯಾದ ಒಡಹುಟ್ಟು ಮನೆಯ ಪಂಚಾಂಗದಲ್ಲೇ ಇದೆ, ಮಿಥುನ ರಾಶಿ. ಮಿಥಃ ಅಂದರೆ ಪರಸ್ಪರ. ಎದುರುಬದುರು ಇದ್ದದ್ದು ವಿರುದ್ಧವಾಯಿತು, ವಿರುದ್ಧವಾದದ್ದು ತಪ್ಪಾಯಿತು.

ಮಿಥ್ಯಾ ಅಂದರೆ ಬರೀ ಸುಳ್ಳೂ ಅಲ್ಲ. ಅದ್ವೈತಿಗಳ ಲೆಕ್ಕದಲ್ಲಿ ಎಂದೂ ಕಾಣದ ಮೊಲದ ಕೊಂಬು ಅಸತ್ತು, ಕಂಡರೂ ನಿಜವಲ್ಲದ, ಹಗ್ಗದಲ್ಲಿ ತೋರಿದ ಹಾವು ಮಿಥ್ಯೆ, ಕೊನೆಗೆ ಜಗತ್ತೂ ಮಿಥ್ಯೆ. ಹಾಗಾದರೆ ಸಂದೇಶ ಬಂದ ಫೋನೂ ಮಿಥ್ಯೆಯೇ. ರೀಚಾರ್ಜ್ ಮಾತ್ರ ಮಾಡಿಸಬೇಕು.

ಇನ್ನು ‘ಪುರಾಣ’. ಪುರಾ ನವಂ ಭವತಿ, ಹಿಂದೆ ಹೊಸದಾಗಿದ್ದದ್ದು ಎಂದು ಯಾಸ್ಕ ತನ್ನ ಪದವ್ಯುತ್ಪತ್ತಿಯ ಗ್ರಂಥ ನಿರುಕ್ತದಲ್ಲಿ ಬಿಡಿಸುತ್ತಾನೆ. ಎಷ್ಟು ಚೆಂದದ ಪದ! ಮಿಥ್ ಎಂದರೆ ಕೆಂಡವಾಗುವ ಯಜಮಾನರೇ ಊಟದ ಹೊತ್ತಿಗೆ ‘ಸಾಕು ಮಾಡೇ ನಿನ್ನ ಪುರಾಣ’ ಅನ್ನುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆಯೂ ಬ್ರಿಟಿಷರು ಹಡಗಿನಲ್ಲಿ ತಂದದ್ದಲ್ಲ.

ಈ ಸಂದೇಶಕ್ಕೆ ಒಪ್ಪುವ ಹೆಸರು ನಮ್ಮ ಶಾಸ್ತ್ರದಲ್ಲೇ ಇದೆ: ಐತಿಹ್ಯ. ‘ಇತಿ ಹ’, ಅಂದರೆ ‘ಹೀಗಂತೆ’. ಮೊದಲು ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ನಡೆದುಬಂದ ಮಾತು. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬುದು ಸಾಂಖ್ಯದರ್ಶನದ ವ್ಯಾಖ್ಯಾನವಾದ ಸಾಂಖ್ಯತತ್ತ್ವಕೌಮುದಿಯಲ್ಲಿ ವಾಚಸ್ಪತಿ ಮಿಶ್ರರು ಕೊಡುವ ಉದಾಹರಣೆ. ಹೇಳಿದವರ ಗುರುತಿಲ್ಲ, ಹಾಗಾಗಿ ಸಂಶಯ, ಹಾಗಾಗಿ ಇದು ಪ್ರಮಾಣ, ಅಂದರೆ ಅರಿವಿನ ಸಾಧನ, ಎಂದು ಬೇರೆಯಾಗಿ ಎಣಿಸುವಂಥದ್ದಲ್ಲ ಎಂದು ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣದ ಗುರುತು ಅವರ ಕಾಲಕ್ಕೆ ಇರಲಿಲ್ಲ. ಗುಂಪಿನಲ್ಲಿ ಯಾರಾದರೂ ‘ಇದಕ್ಕೆ ಆಧಾರ ಎಲ್ಲಿದೆ?’ ಎಂದು ಕೇಳಿದರೆ ಬರುವ ಉತ್ತರ ಮಾತ್ರ ಅಕ್ಷರಶಃ ಅಲ್ಲಿದೆ: ‘ಇತಿ ಹೋಚುರ್ವೃದ್ಧಾಃ.’ ದೊಡ್ಡವರು ಹೇಳಿದ್ದಾರೆ, ಅಷ್ಟೇ. ಕೆಳಗೆ ಕೈಮುಗಿದ ಇಮೋಜಿ ಎರಡು.