ತುದಿಯಲ್ಲಿ ಸಿಹಿಯಂತೆ, ಬುಡದಲ್ಲಿ ಕಹಿಯಂತೆ

ನಿನ್ನೆ ಅಕ್ಕನ ಮೊಮ್ಮಗನ ಶಾಲೆಯ ವಿಜ್ಞಾನ ಪ್ರದರ್ಶನ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಥರ್ಮಾಕೋಲಿನಲ್ಲಿ ಕೊರೆದ ಮೊಳದುದ್ದದ ನಾಲಿಗೆ. ಅದರ ತುದಿಗೆ ಗುಲಾಬಿ ಬಳಿದು ‘ಸಿಹಿ’ ಎಂದೂ, ಅಂಚುಗಳಲ್ಲಿ ‘ಉಪ್ಪು’, ‘ಹುಳಿ’ ಎಂದೂ, ಗಂಟಲ ಬಳಿ ಕಡುಹಸಿರಿನಲ್ಲಿ ‘ಕಹಿ’ ಎಂದೂ ಬರೆದಿತ್ತು. ಮುಂದೆ ನಾಲ್ಕು ಲೋಟಗಳಿದ್ದವು. ಉಪ್ಪುನೀರಿನಲ್ಲಿ ಹತ್ತಿಕಡ್ಡಿ ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, “ಉಪ್ಪಾಗಿದೆಯಲ್ಲೋ” ಎಂದೆ. “ಇಲ್ಲ ಅಜ್ಜಿ, ಅಲ್ಲಿ ಸಿಹಿ ಮಾತ್ರ ಗೊತ್ತಾಗೋದು. ನೀವು ಸರಿಯಾಗಿ ಮುಟ್ಟಿಸಿಲ್ಲ” ಎಂದು ಆರನೆಯ ತರಗತಿಯ ಹುಡುಗ ನನ್ನನ್ನೇ ತಿದ್ದಿದ.

ಮನಃಶಾಸ್ತ್ರ ಪಾಠ ಮಾಡಿಯೇ ಕೂದಲು ನರೆಸಿಕೊಂಡವಳು ನಾನು ಎಂಬುದು ನಿಮಗೆ ಗೊತ್ತೇ ಇದೆ. ಈ ನಕ್ಷೆ ಹುಟ್ಟಿದ್ದೂ ನಮ್ಮ ಮನೆಯಲ್ಲೇ. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ಎಂಬಾತ ನಾಲಿಗೆಯ ಅಂಚಿನ ಬೇರೆ ಬೇರೆ ಜಾಗಗಳಲ್ಲಿ ದ್ರಾವಣಗಳನ್ನು ಮುಟ್ಟಿಸಿ, ದ್ರಾವಣ ಎಷ್ಟು ತೆಳುವಾಗುವವರೆಗೆ ರುಚಿ ತಿಳಿಯುತ್ತದೆ ಎಂದು ಅಳೆದ. ಜಾಗದಿಂದ ಜಾಗಕ್ಕೆ ಅವನಿಗೆ ಸಿಕ್ಕಿದ್ದು ಅಲ್ಪ ವ್ಯತ್ಯಾಸ. 1942ರಲ್ಲಿ ಹಾರ್ವರ್ಡಿನ ಎಡ್ವಿನ್ ಬೋರಿಂಗ್ ಸಂವೇದನೆ ಮತ್ತು ಗ್ರಹಿಕೆಯ ಇತಿಹಾಸ ಬರೆಯುವಾಗ ಆ ಅಂಕಿಗಳನ್ನು ರೇಖಾಚಿತ್ರವಾಗಿಸಿದರು. ಆದರೆ ಅದರಲ್ಲಿ ವ್ಯತ್ಯಾಸದ ನಿಜವಾದ ಅಳತೆ ಓದುಗರಿಗೆ ತಿಳಿಯುವಂತಿರಲಿಲ್ಲ. ಗೆರೆ ಕೆಳಗಿಳಿದ ಕಡೆ ರುಚಿಯೇ ಇಲ್ಲವೆಂದು ಜನ ಓದಿಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿ, ವ್ಯತ್ಯಾಸವಿದ್ದರೂ ಅದು ತೀರಾ ಚಿಕ್ಕದೆಂದು ತೋರಿಸಿದರು. ಥರ್ಮಾಕೋಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

“ಮಕ್ಕಳಿಗೆ ಸರಳ ಮಾಡಿ ಹೇಳಿದರೆ ತಪ್ಪೇನು ಮೇಡಂ?” ಎಂದು ಅಲ್ಲಿನ ಶಿಕ್ಷಕರು ವಿನಯದಿಂದಲೇ ಕೇಳಿದರು. ಸರಳವೆಂದರೆ ಇದಲ್ಲ ಸ್ವಾಮಿ. ಯುಗಾದಿಯ ದಿನ ಬೇವು ಗಂಟಲಿಗೆ ಇಳಿಯುವವರೆಗೆ ಕಾದು ಮುಖ ಕಿವುಚುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬಾಯಿಗಿಟ್ಟ ಕ್ಷಣವೇ ಮಗುವಿಗೆ ತಿಳಿಯುವ ಸಂಗತಿಯನ್ನು ಮರೆಸಿ ನಾಲ್ಕು ಬಣ್ಣ ಬಳಿಸುವುದು ಹೇಗೆ ಸರಳವಾಗುತ್ತದೆ? (1908ರಲ್ಲೇ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ಉಮಾಮಿ ಎಂಬ ಐದನೆಯ ರುಚಿಗಂತೂ ಆ ನಾಲಿಗೆಯಲ್ಲಿ ಬಾಡಿಗೆ ಮನೆಯೂ ಸಿಕ್ಕಿರಲಿಲ್ಲ.)

ನಕ್ಷೆ ತಪ್ಪಾಗಿರುವುದು ನನಗೆ ಅಷ್ಟು ದೊಡ್ಡ ಸಂಕಟವಲ್ಲ. ಪಠ್ಯಗಳಲ್ಲಿ ತಪ್ಪುಗಳು ಬರುತ್ತವೆ, ಹೋಗುತ್ತವೆ. ಆ ಹುಡುಗ ಸುಳ್ಳು ಹೇಳಲಿಲ್ಲ ಎಂಬುದೇ ನನ್ನನ್ನು ಕಾಡುತ್ತಿರುವುದು. ಸಂವೇದನೆ ನಾಲಿಗೆಯದಾದರೂ ಗ್ರಹಿಕೆಯಲ್ಲಿ ನಿರೀಕ್ಷೆಯ ಪಾಲೂ ಇರುತ್ತದೆ ಎಂದು ನಾವೇ ತರಗತಿಯಲ್ಲಿ ಹೇಳುತ್ತೇವೆ. ತುದಿಯಲ್ಲಿ ಉಪ್ಪು ಇರಕೂಡದೆಂದು ಮೊದಲೇ ಕಲಿತವನಿಗೆ ಅಲ್ಲಿ ಉಪ್ಪು ಮಸುಕಾಗಿಯೇ ತೋರಿದ್ದರೂ ಆಶ್ಚರ್ಯವಿಲ್ಲ. ಅನುಮಾನ ಬಂದರೂ ಅವನು ದೂರುವುದು ತನ್ನ ನಾಲಿಗೆಯನ್ನು, ಇಲ್ಲವೇ ನನ್ನ ಕೈಯನ್ನು. ಚಾರ್ಟನ್ನು ಎಂದಿಗೂ ಅಲ್ಲ.

ಇಷ್ಟೆಲ್ಲ ಕೂಗಾಡಿ ಮನೆಗೆ ಬಂದ ಮೇಲೆ, ನೌಕರಿಗೆ ಸೇರಿದ ಮೊದಲ ವರ್ಷದ ಪ್ರಯೋಗಾಲಯ ನೆನಪಾಯಿತು. ಮೂಲೆಯ ಮೇಜಿನಲ್ಲಿದ್ದ ಹುಡುಗಿಯೊಬ್ಬಳು, “ಮೇಡಂ, ಕಹಿ ತುದಿಯಲ್ಲೇ ಗೊತ್ತಾಗ್ತಿದೆ” ಎಂದಿದ್ದಳು. “ನೀನು ಸರಿಯಾಗಿ ಮುಟ್ಟಿಸಿಲ್ಲ, ಮತ್ತೆ ಮಾಡು” ಎಂದಿದ್ದೆ. ಅವಳು ಮೂರು ಸಲ ಮಾಡಿದಳು. ಆಮೇಲೆ ಬರೆದದ್ದನ್ನು ರಬ್ಬರಿನಿಂದ ಉಜ್ಜಿ, ಪುಸ್ತಕದಲ್ಲಿದ್ದಂತೆ ಬರೆದು ತಂದಳು. ರೆಕಾರ್ಡಿನ ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿದವಳು ನಾನೇ.