ನಕ್ಷೆಯಲ್ಲಿ ಮರವೇ ಇಲ್ಲದ ಜೀರ್ಣೋದ್ಧಾರ

ಬೆಳಗ್ಗೆಯಿಂದ ಮೂರು ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪೋಸ್ಟರ್ ಬಂದಿದೆ. ಮೇಲೆ ದಪ್ಪ ಅಕ್ಷರದಲ್ಲಿ 'ಮರಳಿ ಬೇರಿಗೆ'. ಕೆಳಗೆ ನಮ್ಮ ಕರಾವಳಿಯ ಒಂದು ಬನದ, ಅಂದರೆ ದೇವರ ಹೆಸರಲ್ಲಿ ಉಳಿದ ಕಾಡಿನ, ಜೀರ್ಣೋದ್ಧಾರಕ್ಕೆ ದೇಣಿಗೆಯ ಮನವಿ, ಕಂಪ್ಯೂಟರಿನಲ್ಲಿ ಬಿಡಿಸಿದ ಗುಡಿಯ ಚಿತ್ರ. ಆರ್‌ಸಿಸಿ ಚಾವಣಿ, ಗ್ರಾನೈಟ್ ಮೆಟ್ಟಿಲು, ಸುತ್ತಲೂ ಇಂಟರ್‌ಲಾಕ್ ಹಾಸು, ನಾಲ್ಕು ಮೂಲೆಗೆ ದೀಪದ ಕಂಬ, ಗಾಡಿ ನಿಲ್ಲಿಸಲು ಜಾಗ. ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಮರ ಒಂದೂ ಇಲ್ಲ. ಬನದ ಜೀರ್ಣೋದ್ಧಾರದ ನಕ್ಷೆಯಲ್ಲಿ ಬನವೇ ಇಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ, ಘಟ್ಟ ಹತ್ತಿದರೆ ಸಿದ್ದಾಪುರ, ಶಿರಸಿಯಲ್ಲಿ ಇಂಥ ಕಾಮಗಾರಿ ನೋಡದವರು ಈ ಫೇಸ್‌ಬುಕ್ ಗೋಡೆಯ ಮೇಲೆ ಯಾರೂ ಇರಲಿಕ್ಕಿಲ್ಲ.

ಸಿಟ್ಟು ಆ ಹುಡುಗರ ಮೇಲಲ್ಲ. ಬೆಂಗಳೂರು, ಮುಂಬೈ, ದುಬೈಯಲ್ಲಿ ದುಡಿಯುತ್ತ ಊರ ದೇವರಿಗೆ ಏನಾದರೂ ಮಾಡಬೇಕು ಅನ್ನುವುದು ಒಳ್ಳೆಯ ಮನಸ್ಸು. ಇಲ್ಲಿನ ಕಾಡಂಚಿನ ಸಮುದಾಯಗಳಾದ ಹಾಲಕ್ಕಿಗಳ ಮೊಮ್ಮಕ್ಕಳು, ಕುಣಬಿಗಳ ಮಕ್ಕಳು ತಮ್ಮ ಹಿರಿಯರು ನಂಬಿದ್ದು ಏನನ್ನು ಅಂತ ಹುಡುಕುತ್ತಿದ್ದಾರೆ. ಹುಡುಕಲೇಬೇಕು. ಆದರೆ ಹಿರಿಯರು ನಮಗೆ ಬಿಟ್ಟುಹೋದದ್ದು ಆ ಕಾಡನ್ನು. ಅದನ್ನೇ ಸವರಿ ಅವರ ಹೆಸರಲ್ಲಿ ಕಟ್ಟಡ ಎಬ್ಬಿಸಿದರೆ ಮರಳುವುದಕ್ಕೆ ಉಳಿಯುವ ಬೇರು ಯಾವುದು?

ಚೌಡಿ, ಜಟಕ, ಬೀರ, ಮಾಸ್ತಿ, ಹುಲಿದೇವರು, ನಾಗ. ಇವರು ಬಯಲಲ್ಲಿ ಮಳೆಗಾಳಿಗೆ ಕೂತ ದೇವರು. ಒಂದು ಕಲ್ಲು, ಅದರ ಮೇಲೆ ಒಂದು ಮರ, ಮರದ ಸುತ್ತ ಕಾಡು. ನಮ್ಮ ಕರಾವಳಿಯ ಎಷ್ಟೋ ಊರುಗಳಲ್ಲಿ ಪೂಜೆಯ ಹಕ್ಕು ಗುನಗರದು, ಅವರು ಮಣ್ಣಿನ ಕಸುಬಿನವರು. ಹರಕೆಗೆ ಒಪ್ಪಿಸಿದ ಮಣ್ಣಿನ ಗೊಂಬೆ ಅಲ್ಲೇ ಮಳೆಗೆ ಒಡೆದು, ಪುಡಿಯಾಗಿ ಬನದ ಮಣ್ಣಿಗೆ ಸೇರುತ್ತದೆ. ಈಗ ನಾವು ಕೊಡುತ್ತಿರುವ ಹರಕೆ ಸಿಮೆಂಟು. ಅದು ಯಾವ ಮಳೆಗೂ ಮಣ್ಣಾಗುವುದಿಲ್ಲ.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆಯಲ್ಲಿ ತಿರುಗಾಡಿ, ಇಲ್ಲಿನ ಕಾಡಿನ ಕಟ್ಟುಪಾಡನ್ನು ಬರೆದಿಟ್ಟಿದ್ದಾನೆ. ಕಾಡು ಊರ ದೇವರ ಆಸ್ತಿ. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು, ಗೌಡನೇ ದೇವರ ಪೂಜಾರಿ. ಅಪ್ಪಣೆಗೆ ಕಾಣಿಕೆ ಇಲ್ಲ. ಕೇಳದೆ ಕಡಿದವನ ಮೇಲೆ ದೇವರ ಮುನಿಸು. ಸರ್ಕಾರ ಕಾಡಿನ ಮೇಲೆ ಹಕ್ಕು ಹೇಳದಂತೆ ಜನ ಹೂಡಿದ ಉಪಾಯವಿದು ಅಂತ ಅವನ ಅನುಮಾನ. ಅದನ್ನು ಬದಿಗಿಟ್ಟು ವ್ಯವಸ್ಥೆಯನ್ನು ನೋಡಿ. ಕಾಣಿಕೆ ಕೊಟ್ಟು ಕೊಳ್ಳುವ ಅಪ್ಪಣೆ ಅದಾಗಿರಲಿಲ್ಲ. ಸಿರಿವಂತನೂ ಬಂದು ಕೇಳಬೇಕಿತ್ತು, ಬಡವನೂ ಬಂದು ಕೇಳಬೇಕಿತ್ತು. ಪೂಜೆಯೆಂದರೆ ಮುಖ್ಯವಾಗಿ ಈ ಕೇಳುವುದು, ಅದರ ಜೊತೆಗೆ ಒಂದಷ್ಟು 'ಮಾಡಬಾರದು'ಗಳು. ಕೊಡಲಿ ಒಯ್ಯಬಾರದು. ಚಪ್ಪಲಿ ಮೆಟ್ಟಬಾರದು. ಬಿದ್ದ ಕಟ್ಟಿಗೆಯನ್ನೂ ಒಲೆಗೆ ತರಬಾರದು. ಊರಿಂದೂರಿಗೆ ವಿವರ ಬೇರೆ, ತಿರುಳು ಒಂದೇ.

ಬಿದ್ದ ಕಟ್ಟಿಗೆಯನ್ನೇ ನೋಡಿ. ದೊಡ್ಡ ಮರ ಉರುಳಿದರೆ ಅದು ಕೊಳೆಯಲು ವರ್ಷಗಳೇ ಬೇಕು. ಅಷ್ಟೂ ದಿನ ಅದು ಅಣಬೆಗೆ, ಗೆದ್ದಲಿಗೆ, ಹುಳಕ್ಕೆ ಅನ್ನ. ಬೇಸಿಗೆಯಲ್ಲೂ ಅದರ ಒಡಲಲ್ಲಿ ತೇವ ಇರುತ್ತದೆ, ಆ ತೇವದ ಪಕ್ಕ ಮರಿಗಿಡ ಬದುಕುತ್ತದೆ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸದೆ ಬಿಟ್ಟ ನೆಲದ ಮೇಲೆ ಮಳೆ ಹನಿ ನೇರ ಬಡಿಯುವುದಿಲ್ಲ, ನೀರು ನಿಧಾನ ಇಳಿಯುತ್ತದೆ. ಬನದ ಕೆಳಗಿನ ಒರತೆಯೂ, ಅದರ ಕೆಳಗಿನ ತೋಟ ಗದ್ದೆಯೂ ಆ ನೀರನ್ನೇ ಕುಡಿದು ಬದುಕಿದ್ದು. ದೇವರು ಮುನಿದರೆ ಹಳ್ಳ ಬತ್ತುತ್ತದೆ ಅಂತ ಹಿರಿಯರು ಹೇಳಿದರೆ ಅದನ್ನು ಮೂಢನಂಬಿಕೆ ಅನ್ನುವ ಮೊದಲು ದರಕು ಗುಡಿಸಿದ ಒಂದು ಬನದ ಕೆಳಗೆ ಏಪ್ರಿಲ್‌ನಲ್ಲಿ ಹೋಗಿ ನಿಲ್ಲಿ.

ಸಿದ್ದಾಪುರದ ಕತ್ತಲೆಕಾನಿನಲ್ಲಿ ನೀರು ಜಿನುಗುವ ಜವುಗಿನ ಕಾಡಿದೆ. ಅಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳ ಬೇರು ಕೆಸರಿನಿಂದ ಮೊಣಕಾಲಿನ ಹಾಗೆ ಮೇಲೆದ್ದು ಉಸಿರಾಡುತ್ತವೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಕಾನಿನ ಹೆಸರನ್ನೇ ಹೊತ್ತ ಮರವೊಂದು ವಿಜ್ಞಾನಕ್ಕೆ ಪರಿಚಯವಾದದ್ದು 2000ರಲ್ಲಿ. ಹೊನ್ನಾವರದ ಕರಿಕಾನಮ್ಮನ ಗುಡ್ಡದಲ್ಲಿ ಡಿಪ್ಟೆರೊಕಾರ್ಪಸ್ ಇಂಡಿಕಸ್ ಜಾತಿಯ ಮುಗಿಲು ಮುಟ್ಟುವ ಮರಗಳು ಉಳಿದಿರುವುದು ಆ ಅಮ್ಮನ ಹೆಸರಿನಿಂದ. ಕರಿಕಾನು, ಕತ್ತಲೆಕಾನು. ಹೆಸರಿನಲ್ಲೇ ಕತ್ತಲೆ ಇದೆ. ಅಂಥ ನೆಲಕ್ಕೆ ನಾವು ಹೈಮಾಸ್ಟ್ ದೀಪ ಒಯ್ಯುತ್ತಿದ್ದೇವೆ. ಸುರಹೊನ್ನೆಯ ಬೀಜ ಹೊತ್ತೊಯ್ಯುವುದು ಬಾವಲಿ, ಬೈನೆಯ ಹಣ್ಣು ತಿಂದು ಬೀಜ ಹರಡುವುದು ಪುನುಗಿನ ಜಾತಿಯ ಕಾಡುಬೆಕ್ಕು. ಇಬ್ಬರದೂ ರಾತ್ರಿಯ ಕೆಲಸ. ಬೆಳಕು ಬಿದ್ದ ಜಾಗವನ್ನು ಬಾವಲಿ ಬಿಡುತ್ತದೆ, ಬೀಜ ಬರುವುದು ನಿಲ್ಲುತ್ತದೆ. ಹೆಣ್ಣು ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಮರಿ ಮಾಡುವಾಗ ತಿಂಗಳುಗಟ್ಟಲೆ ತನ್ನನ್ನು ತಾನೇ ಮುಚ್ಚಿಕೊಂಡು ಕೂರಲು ಹಳೆಯ ದಪ್ಪ ಮರದ ಪೊಟರೆಯೇ ಬೇಕು. ರಕ್ತಮರ, ರಾಮಪತ್ರೆಯಂಥವುಗಳ ದಪ್ಪ ಬೀಜ ದೂರ ಸಾಗಿಸುವುದು ಅಂಥ ದೊಡ್ಡ ಹಕ್ಕಿಯೇ.

ಹಾಸಿನ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ 'ಮರ ಕಡಿಯುವುದಿಲ್ಲ, ಸುತ್ತ ಕಟ್ಟೆ ಮಾತ್ರ' ಅನ್ನುವವರೇ ಹೆಚ್ಚು. ಮರಕ್ಕೆ ಆಹಾರ ತರುವ ಸಣ್ಣ ಬೇರುಗಳು ಇರುವುದು ನೆಲದ ಮೇಲ್ಪದರದ ಒಂದು ಒಂದೂವರೆ ಅಡಿಯಲ್ಲಿ, ಅವು ಕೊಂಬೆಗಳ ಹರವಿಗಿಂತಲೂ ಆಚೆ ಹೋಗಿರುತ್ತವೆ. ಕಟ್ಟೆಗೆ ಅಡಿಪಾಯ ತೋಡಿದಾಗ ಮೊದಲು ಕಡಿದುಹೋಗುವುದು ಇವೇ. ಕಟ್ಟೆಯೊಳಗೆ ಮಣ್ಣು ತುಂಬಿದರೆ ಬುಡದ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ. ಹಾಸು ಹಾಕಿದ ಮೇಲೆ ಗಾಳಿ ಇಳಿಯುವುದಿಲ್ಲ, ಮಳೆನೀರು ಇಳಿಯುವುದಿಲ್ಲ, ದರಕು ಗೊಬ್ಬರವಾಗುವುದಿಲ್ಲ. ಮರ ಅದೇ ವರ್ಷ ಸಾಯುವುದಿಲ್ಲ, ಅದೇ ಮೋಸ. ಕೆಲವು ಮಳೆಗಾಲ ಕಳೆದ ಮೇಲೆ ತುದಿಯ ರೆಂಬೆ ಒಣಗುತ್ತದೆ. ಗಾಳಿಗೆ ಒಂದು ಕೊಂಬೆ ಮುರಿದು ಹೊಸ ಚಾವಣಿಯ ಮೇಲೆ ಬೀಳುತ್ತದೆ. ಆಗ ಮರ 'ಅಪಾಯಕಾರಿ' ಆಗುತ್ತದೆ, ಕಡಿಯಲು ಅರ್ಜಿ ಹೋಗುತ್ತದೆ. ನೂರಾರು ವರ್ಷ ದೇವರಿಗೆ ಸೂರು ಆಗಿದ್ದದ್ದು ಕೊನೆಗೆ ದೇವರ ಸೂರಿಗೆ ಅಪಾಯ ಅನ್ನಿಸಿಕೊಂಡು ಹೋಗುತ್ತದೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಕಟ್ಟಡದ ಜಾಗಕ್ಕೆ ಅಂತ ನಡುವೆ ಅರ್ಧ ಗುಂಟೆ ತೆರವು ಮಾಡಿದರೂ ಹಾನಿ ಅಷ್ಟಕ್ಕೇ ನಿಲ್ಲದು. ನಮ್ಮ ಬಹಳಷ್ಟು ಬನಗಳು ಒಂದೆರಡು ಎಕರೆಯವು, ಕೆಲವು ಕೆಲವೇ ಗುಂಟೆ. ನಡುವೆ ಬಿಸಿಲು ಬಿದ್ದರೆ ಗಾಳಿ ಒಳಹೊಕ್ಕು ತೇವ ಒಣಗುತ್ತದೆ, ಕಮ್ಯುನಿಸ್ಟ್ ಗಿಡ ಅನ್ನುವ ಹೊರಗಿಂದ ಬಂದ ಕಳೆ ಹಬ್ಬುತ್ತದೆ, ಪಕ್ಕದ ನೆಡುತೋಪಿನ ಅಕೇಶಿಯಾ ಬೀಜ ಆ ಬೆಳಕಲ್ಲಿ ಮೊಳೆಯುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಕಮ್ಯುನಿಸ್ಟ್ ಗಿಡಕ್ಕೆ ಒಂದು ಕಿಡಿ ಸಾಕು. ಕರಾವಳಿಯ ಚಿರೆಕಲ್ಲಿನ ನೆಲ ಒಮ್ಮೆ ಬೋಳಾಗಿ ಬಿಸಿಲಿಗೆ ಗಟ್ಟಿಯಾದರೆ ಅಲ್ಲಿ ಮತ್ತೆ ನಿತ್ಯಹಸುರಿನ ಮರ ಎಬ್ಬಿಸುವುದು ನಮ್ಮ ಜೀವಮಾನದ ಕೆಲಸವಲ್ಲ.

ದೇವರು ಮಳೆಯಲ್ಲಿ ನೆನೆಯಬೇಕೇ, ವಯಸ್ಸಾದವರು ಕೂರುವುದೆಲ್ಲಿ ಅಂತ ಕೇಳುವವರಿದ್ದಾರೆ. ವಯಸ್ಸಾದವರ ಕಷ್ಟ ನಿಜ. ಬನದ ಗಡಿಯ ಆಚೆ, ರಸ್ತೆ ಬದಿಯಲ್ಲಿ ಒಂದು ಹಂಚಿನ ಚಾವಡಿ ಕಟ್ಟಿ, ನೀರು, ಶೌಚಾಲಯ ಅಲ್ಲೇ ಇರಲಿ. ಒಳಗೆ ಹೋಗುವ ಹಾದಿಗೆ ಜಾರದಂತೆ ಬಿಡಿ ಚಿರೆಕಲ್ಲು ಹಾಸಿ, ನಡುವೆ ಸಿಮೆಂಟು ಬೇಡ. ದೇವರು ನೆನೆಯುವ ಮಾತಿಗೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಇಷ್ಟು ತಲೆಮಾರು ನೆನೆದ ದೇವರೇ ಈ ಊರುಗಳನ್ನು ಕಾಯ್ದದ್ದು.

ತುಳಸಿ ಗೌಡರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ಅಂಕೋಲಾದ ಹೊನ್ನಳ್ಳಿಯ ಹಾಲಕ್ಕಿ ಹೆಣ್ಣುಮಗಳು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿದವರು, ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡವರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರ ಫೋಟೊ ನಮ್ಮೆಲ್ಲರ ಮೊಬೈಲಿನಲ್ಲಿದೆ. ಅವರ ವಿದ್ಯೆ ಎಷ್ಟು ಜನರ ಕೈಗೆ ಬಂದಿದೆ? ಕಾಡಿನಲ್ಲಿ ಒಂದು ಜಾತಿಯ ತಾಯಿಮರ ಯಾವುದು ಅಂತ ಗುರುತಿಸುವುದು, ಬೀಜ ಯಾವಾಗ ತೆಗೆಯಬೇಕು, ಹೇಗೆ ಮೊಳೆಸಬೇಕು ಅನ್ನುವುದು ಅವರ ವಿದ್ಯೆ. ಹಿರಿಯರ ಹಾದಿ ಬೇಕೆಂದರೆ ಅದು ಇದು.

ದುಡ್ಡು, ಹುಮ್ಮಸ್ಸು ಎರಡೂ ಇರುವವರು ಮೊದಲು ಪಹಣಿ ತೆಗೆಸಿ. ಬನದ ಸರ್ವೆ ನಂಬರು ಅರಣ್ಯವೋ, ಕಂದಾಯ ಭೂಮಿಯೋ, ಮುಜರಾಯಿಯೋ, ಖಾಸಗಿಯೋ ಗೊತ್ತಾಗಲಿ. ಅರಣ್ಯ ಭೂಮಿಯಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆಯಿಲ್ಲದೆ ಕಟ್ಟಡ ಏಳುವಂತಿಲ್ಲ, ದೇಣಿಗೆ ಎತ್ತುವ ಮೊದಲೇ ಇದು ತಿಳಿದಿರಬೇಕು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಸಮುದಾಯದ ಹಕ್ಕು ಸಾಬೀತುಪಡಿಸಲು ದೇವರ ಮರ, ದೇವರ ಬನ, ಕೆರೆ, ಸುಡುಗಾಡು ಇವೆಲ್ಲ ಸಾಕ್ಷ್ಯ. ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಹಾಲಕ್ಕಿ, ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕಾರಣ 75 ವರ್ಷದ ನೆಲೆ ತೋರಿಸಬೇಕಾಗುತ್ತದೆ. ಬನ ಸವರಿ ಗುಡಿ ಕಟ್ಟಿದವರು ತಮ್ಮ ಅಂಥದೊಂದು ಸಾಕ್ಷ್ಯವನ್ನು ತಾವೇ ಅಳಿಸಿದ ಹಾಗೆ. ಇದನ್ನು ಯಾರೂ ಆ ಹುಡುಗರಿಗೆ ಹೇಳುವುದಿಲ್ಲ.

ಆಮೇಲೆ ಊರಗೌಡರನ್ನು, ಗುನಗರನ್ನು, ಮದ್ದಿನ ಬೇರು ಬಲ್ಲ ಅಜ್ಜಿಯರನ್ನು ಕರೆದುಕೊಂಡು ಗಡಿ ಸುತ್ತಿ. ಗಡಿಗೆ ಬಿಡಿ ಚಿರೆಕಲ್ಲು ನಿಲ್ಲಿಸಿದರೆ ಸಾಕು. ಅಗಳ ತೋಡಿದರೆ ಬೇರು ಕಡಿಯುತ್ತದೆ, ನೀರು ಬೇರೆ ದಿಕ್ಕಿಗೆ ಓಡುತ್ತದೆ. ಜಾಲರಿ ಬೇಲಿ ಹಾಕಿದರೆ ನೆಲದ ಮೇಲೆ ಓಡಾಡುವ ಕಾಡುಪ್ರಾಣಿಗಳಿಗೆ ತಡೆಯಾಗುತ್ತದೆ. ಜವುಗು ಇದ್ದಲ್ಲಿ ಜೆಸಿಬಿ ತಂದು 'ಪುಷ್ಕರಣಿ' ಮಾಡಬೇಡಿ, ನೀರನ್ನು ಕಾಲುವೆ ಕಡಿದು ಇಳಿಸಬೇಡಿ. ಜವುಗು ಬತ್ತಿದರೆ ಆ ಮೊಣಕಾಲು ಬೇರಿನ ಮರಗಳು ಉಳಿಯುವುದಿಲ್ಲ.

ಕಮ್ಯುನಿಸ್ಟ್ ಗಿಡವನ್ನು ಆಗಸ್ಟ್ ಸೆಪ್ಟೆಂಬರಿನಲ್ಲಿ, ಮಣ್ಣು ಮೆತ್ತಗಿರುವಾಗ, ಬೇರುಸಹಿತ ಕೀಳಿ. ಕತ್ತಿಯಿಂದ ಸವರಿದರೆ ಬುಡದಿಂದ ನಾಲ್ಕು ಚಿಗುರು ಏಳುತ್ತವೆ. ಚಳಿಗಾಲಕ್ಕೆ ಹೂವಾದ ಮೇಲೆ ಕೀಳಲು ಹೋದರೆ ಬೀಜ ಉದುರಿಸಿ ಬಂದಂತೆ.

ದಟ್ಟ ನೆರಳಿದ್ದಲ್ಲಿ ಏನೂ ನೆಡಬೇಡಿ, ಅಲ್ಲಿ ತಾನಾಗಿ ಎದ್ದ ಸಸಿ ಸಾಕು, ಅದನ್ನು ತುಳಿಯದಿದ್ದರೆ ಆಯಿತು. ನೆಡುವುದು ಬೋಳಾದ ಅಂಚಿಗೆ. ಮೊದಲು ಬಿಸಿಲು ತಡೆಯುವ ಹೊನಗಲು, ಮತ್ತಿ, ನೇರಳೆ. ಅವುಗಳ ನೆರಳು ಕೂಡಿದ ಮೇಲೆ ಹೈಗ, ರಾಮಪತ್ರೆ, ಅಶೋಕ. ಕ್ರಮ ತಪ್ಪಿ ರಾಮಪತ್ರೆಯನ್ನು ಬಯಲಿಗೆ ನೆಟ್ಟರೆ ಮೊದಲ ಬೇಸಿಗೆಯಲ್ಲೇ ಸುಟ್ಟುಹೋಗುತ್ತದೆ. ಅಶೋಕ ಅಂತ ನರ್ಸರಿಯವರು ಕೊಡುವ ಕಂಬದಂಥ ಗಿಡ ಬೇರೆಯದೇ ಜಾತಿ. ನಮ್ಮ ಕಾಡಿನ ಅಶೋಕಕ್ಕೆ ಕಿತ್ತಳೆ ಕೆಂಪು ಬಣ್ಣದ ಹೂಗೊಂಚಲು ಇರುತ್ತದೆ, ಅದನ್ನು ನೋಡಿಯೇ ಬೀಜ ತನ್ನಿ. ಗುಲ್‌ಮೊಹರ್ ಬನದೊಳಗೆ ಬೇಡವೇ ಬೇಡ.

ಇದನ್ನೆಲ್ಲ ಆ ಊರಿನ ಸಭೆಯಲ್ಲಿ ನಿಂತು ಹೇಳಬೇಕಿತ್ತು. ಇಲ್ಲಿ ಬರೆಯುತ್ತಿದ್ದೇನೆ, ಅದು ಸರಿಯಲ್ಲ ಅಂತ ಗೊತ್ತು. ಸಭೆಯ ದಿನಕ್ಕೆ ಬರುವವರು ತಿಳಿಸಿ, ಜೊತೆಗೆ ಹೋಗೋಣ. ಗುತ್ತಿಗೆದಾರನ ಕೊಡಲಿಗೆ ಎದುರಾಗಿ ಶಿರಸಿಯ ಸಾಲ್ಕಣಿಯವರು 1983ರ ಸೆಪ್ಟೆಂಬರಿನಲ್ಲಿ ಮರ ಅಪ್ಪಿ ನಿಂತರು. ಈಗ ಕೊಡಲಿ ನಮ್ಮವರದೇ ಕೈಯಲ್ಲಿದೆ, ದೇವರ ಹೆಸರೂ ಜೊತೆಗಿದೆ. ಅದಕ್ಕೇ ಮಾತು ಕಷ್ಟ.

ಈ ವಾರ ಮುರುಗಲು (ಕೋಕಂ) ಹಣ್ಣು ಉದುರುತ್ತಿದೆ. ಒಣಗಿಸಲು ಸಿಪ್ಪೆ ಬಿಡಿಸಿದ ಮೇಲೆ ಬೀಜ ಎಸೆಯಬೇಡಿ. ಬೂದಿ ಹಚ್ಚಿ ಉಜ್ಜಿ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ಬಿಸಿಲಿಗೆ ಇಡದೆ, ಕೂಡಲೇ ಬಿತ್ತಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ. ಮಣ್ಣನ್ನು ಬನದಿಂದ ತರಬೇಡಿ. ಗಿಡಕ್ಕೆ ತಾಯಿಬೇರು ನೇರ ಇಳಿಯುತ್ತದೆ, ಚೀಲ ಗಿಡ್ಡವಾದರೆ ಬೇರು ಸುರುಳಿ ಸುತ್ತಿ ಮುಂದೆ ಗಾಳಿಗೆ ಮರ ಬೀಳುತ್ತದೆ. ಒಂದಡಿ ಎತ್ತರದ ಚೀಲ ಹಿಡಿಯಿರಿ. ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ, ಹಾಗಾಗಿ ಒಂದು ಕಡೆ ನಾಲ್ಕಾದರೂ ನೆಡಬೇಕು. ಮುಂದಿನ ವರ್ಷ ಮೊದಲ ಮಳೆಗೆ ನೆಲ ಚೆನ್ನಾಗಿ ನೆನೆದ ಮೇಲೆ ಒಂದೂವರೆ ಅಡಿ ಗುಂಡಿಗೆ ಇಳಿಸಿ. ರಾಮಪತ್ರೆ, ಹೈಗದ ಬೀಜ ಮಳೆ ಹಿಡಿಯುವ ಹೊತ್ತಿಗೆ ಸಿಗುತ್ತದೆ, ಅದು ಒಣಗಿದರೆ ಸತ್ತಂತೆಯೇ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಅಂದೋ ಮರುದಿನವೋ ಬಿತ್ತಬೇಕು. ಕುಮಟಾ, ಅಂಕೋಲಾ ಕಡೆಯವರಿಗೆ ಬೇಕಿದ್ದರೆ ಮುರುಗಲು ಬೀಜ ಕೊಡುತ್ತೇನೆ, ಇನ್‌ಬಾಕ್ಸಿಗೆ ಬನ್ನಿ. ತರುವಾಗ ಪ್ಲಾಸ್ಟಿಕ್ ಕೊಟ್ಟೆ ಬೇಡ, ಬೀಜ ಬೆವರಿ ಬೂಸಲು ಹಿಡಿಯುತ್ತದೆ.